ಎಲ್ಲವೂ ಸಾಪೇಕ್ಷವಲ್ಲ: ಬೆಳಕೇ ಸಾಕ್ಷಿ

ಸಾರ್ವಜನಿಕ ಚರ್ಚೆಗಳಲ್ಲಿ ವಾದ ಬತ್ತಿಹೋದವರು ಕೊನೆಗೆ ಆಶ್ರಯಿಸುವ ಮಾತೊಂದಿದೆ: ‘ಎಲ್ಲವೂ ಸಾಪೇಕ್ಷ, ಐನ್‌ಸ್ಟೀನರೇ ಹಾಗೆ ಹೇಳಿದ್ದಾರಲ್ಲ!’ ನಿಮ್ಮ ಸತ್ಯ ನಿಮಗೆ, ನಮ್ಮ ಸತ್ಯ ನಮಗೆ ಎಂಬುದು ಇದರ ತಾತ್ಪರ್ಯ. ವಿಚಿತ್ರವೆಂದರೆ, ಐನ್‌ಸ್ಟೀನ್ ಪ್ರತಿಪಾದಿಸಿದ್ದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾದುದನ್ನು. ಅವರ ಸಿದ್ಧಾಂತ ನಿಂತಿರುವುದೇ ಯಾರ ದೃಷ್ಟಿಗೂ ಬದಲಾಗದ ಒಂದು ಸಂಗತಿಯ ಮೇಲೆ. ಅದು ಬೆಳಕಿನ ವೇಗ. ನಾನು ಓದಿದ್ದು ಅರ್ಥಶಾಸ್ತ್ರ, ಭೌತವಿಜ್ಞಾನವಲ್ಲ. ಆದರೆ ಈ ವಿಷಯದ ತಿರುಳನ್ನು ಗ್ರಹಿಸಲು ಗಣಿತದ ಪಾಂಡಿತ್ಯ ಬೇಕಿಲ್ಲ, ಹಂತಹಂತವಾಗಿ ಯೋಚಿಸುವ ತಾಳ್ಮೆ ಸಾಕು ಎಂಬುದು ನನ್ನ ಅನುಭವ.

ಬೆಳಕಿಗೆ ವೇಗವೆಂಬುದು ಇದೆಯೇ ಎನ್ನುವುದೇ ಬಹುಕಾಲ ವಿವಾದದ ವಿಷಯವಾಗಿತ್ತು. ದೀಪ ಹಚ್ಚಿದೊಡನೆ ಕೋಣೆ ಬೆಳಗುತ್ತದೆ; ನಡುವೆ ಕಾಲ ಸರಿದದ್ದು ಯಾರಿಗೂ ತೋರದು. 1676ರಲ್ಲಿ ಪ್ಯಾರಿಸ್ ವೀಕ್ಷಣಾಲಯದಲ್ಲಿದ್ದ ಡೆನ್ಮಾರ್ಕಿನ ಖಗೋಳಜ್ಞ ಓಲೆ ರೋಮರ್ ಇದಕ್ಕೆ ಉತ್ತರ ಕಂಡುಕೊಂಡರು. ಗುರುಗ್ರಹದ ಉಪಗ್ರಹವಾದ ಅಯೋ ಸುಮಾರು ನಲವತ್ತೆರಡೂವರೆ ಗಂಟೆಗೊಮ್ಮೆ ಗ್ರಹದ ನೆರಳಿನಲ್ಲಿ ಮರೆಯಾಗುತ್ತದೆ. ಭೂಮಿಯು ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಈ ಗ್ರಹಣಗಳು ಲೆಕ್ಕಕ್ಕಿಂತ ತಡವಾಗಿಯೂ, ಹತ್ತಿರವಾಗುವಾಗ ಬೇಗನೆಯೂ ಕಾಣಿಸುತ್ತಿದ್ದವು. ತಡಮಾಡುತ್ತಿದ್ದುದು ಉಪಗ್ರಹವಲ್ಲ, ಅದರ ಸುದ್ದಿ ತರುವ ಬೆಳಕು ಹೆಚ್ಚು ದೂರ ಕ್ರಮಿಸಬೇಕಾಗಿತ್ತು. ಆ ವೇಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಎಂಬುದು ಇಂದು ಶಾಲಾ ಮಕ್ಕಳಿಗೂ ಗೊತ್ತು. ಸೂರ್ಯನಿಂದ ಹೊರಟ ಬೆಳಕು ನಮ್ಮ ಅಂಗಳಕ್ಕೆ ಬರಲು 8 ನಿಮಿಷ 20 ಸೆಕೆಂಡು ಹಿಡಿಯುತ್ತದೆ.

ನಿಜವಾದ ಸಮಸ್ಯೆ ಆರಂಭವಾದದ್ದು ಇದಾದ ಎರಡು ಶತಮಾನಗಳ ಬಳಿಕ. ಗಂಟೆಗೆ 100 ಕಿ.ಮೀ. ವೇಗದ ರೈಲಿನೊಳಗೆ ಒಬ್ಬಾತ ಗಂಟೆಗೆ 5 ಕಿ.ಮೀ. ವೇಗದಲ್ಲಿ ಮುಂದಕ್ಕೆ ನಡೆದರೆ, ಪ್ಲಾಟ್‌ಫಾರಂ ಮೇಲೆ ನಿಂತವರ ಪಾಲಿಗೆ ಅವನ ವೇಗ 105 ಕಿ.ಮೀ. ಹಾಗಾದರೆ ಎಂಜಿನ್ನಿನ ದೀಪದ ಬೆಳಕಿಗೂ ರೈಲಿನ ವೇಗ ಕೂಡಿಕೊಳ್ಳಬೇಕಲ್ಲವೇ? ಭೂಮಿಯೇ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುವ ಒಂದು ರೈಲು. ಅದರ ಓಟದಿಂದ ಬೇರೆಬೇರೆ ದಿಕ್ಕುಗಳಲ್ಲಿ ಬೆಳಕಿನ ವೇಗಕ್ಕೆ ಆಗಬೇಕಾದ ವ್ಯತ್ಯಾಸವನ್ನು ಅಳೆಯಲು 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೈಕಲ್ಸನ್ ಮತ್ತು ಮಾರ್ಲಿ ಅತಿ ಸೂಕ್ಷ್ಮ ಉಪಕರಣ ಹೂಡಿದರು. ನಿರೀಕ್ಷಿಸಿದ ವ್ಯತ್ಯಾಸ ಸಿಗಲೇ ಇಲ್ಲ.

1905ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಮೂರನೇ ದರ್ಜೆಯ ತಾಂತ್ರಿಕ ಪರಿಶೀಲಕರಾಗಿದ್ದ 26 ವರ್ಷದ ಐನ್‌ಸ್ಟೀನ್ ಬೆಳಕಿನ ಈ ಹಟವನ್ನು ನಿಸರ್ಗದ ನಿಯಮವೆಂದೇ ಒಪ್ಪಿಕೊಂಡರು. ಸಮವೇಗದಲ್ಲಿ ಚಲಿಸುವ ಎಲ್ಲರಿಗೂ ನಿಸರ್ಗದ ನಿಯಮಗಳು ಒಂದೇ; ನಿರ್ವಾತದಲ್ಲಿ ಬೆಳಕಿನ ವೇಗವೂ ಒಂದೇ. ಇವೆರಡನ್ನು ಒಪ್ಪಿದ ಮೇಲೆ ಬೇರೇನೋ ಅಲುಗಾಡಲೇಬೇಕು. ಆಡಳಿತದಲ್ಲಿ ದುಡಿದವರಿಗೆ ಈ ತರ್ಕ ಅಪರಿಚಿತವಲ್ಲ. ಸರ್ಕಾರ ಸೀಮೆಎಣ್ಣೆಯ ದರವನ್ನು ಗೊತ್ತುಪಡಿಸಿದ್ದ ಕಾಲದಲ್ಲಿ ಬೇಡಿಕೆ ಏರಿದರೆ ದರ ಕದಲುತ್ತಿರಲಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು ಬೆಳೆಯುತ್ತಿತ್ತು. ಒಂದನ್ನು ಸ್ಥಿರಗೊಳಿಸಿದರೆ ಒತ್ತಡ ಇನ್ನೊಂದರ ಮೇಲೆ ಬೀಳುತ್ತದೆ. ಬೆಳಕಿನ ವೇಗ ಸ್ಥಿರವಾದಾಗ ಮಣಿಯಬೇಕಾದದ್ದು ಕಾಲ ಮತ್ತು ದೂರ.

ಅದು ಹೇಗೆಂದು ಒಂದು ಕಾಲ್ಪನಿಕ ಗಡಿಯಾರದಿಂದ ತಿಳಿಯಬಹುದು. ರೈಲು ಡಬ್ಬಿಯ ನೆಲ ಮತ್ತು ಚಾವಣಿಗೆ ಒಂದೊಂದು ಕನ್ನಡಿ ಅಂಟಿಸಿ, ನಡುವೆ ಬೆಳಕಿನ ಕಿರಣವೊಂದು ಮೇಲೆಕೆಳಗೆ ಪುಟಿಯುತ್ತಿದೆ ಎಂದುಕೊಳ್ಳಿ. ಪ್ರತಿ ಪುಟಿತವೂ ಗಡಿಯಾರದ ಒಂದು ಬಡಿತ. ಡಬ್ಬಿಯಲ್ಲಿ ಕುಳಿತವರಿಗೆ ಕಿರಣ ನೇರವಾಗಿ ಏರಿ ಇಳಿಯುತ್ತದೆ. ಹೊರಗೆ ನಿಂತವರಿಗೆ ರೈಲೂ ಮುಂದೆ ಸಾಗುತ್ತಿರುವುದರಿಂದ ಕಿರಣದ ಹಾದಿ ಓರೆಯಾಗಿ, ಹೆಚ್ಚು ಉದ್ದವಾಗಿ ಕಾಣುತ್ತದೆ. ವೇಗ ಇಬ್ಬರಿಗೂ ಒಂದೇ, ಹಾದಿ ಮಾತ್ರ ಉದ್ದ. ಆದ್ದರಿಂದ ಹೊರಗಿನವರ ಲೆಕ್ಕದಲ್ಲಿ ಒಂದು ಬಡಿತಕ್ಕೆ ಹೆಚ್ಚು ಕಾಲ ಬೇಕು. ಅಂದರೆ ಓಡುವ ಗಡಿಯಾರ ನಿಧಾನ. ನಮ್ಮ ರೈಲು ಹತ್ತು ಲಕ್ಷ ವರ್ಷ ನಿಲ್ಲದೆ ಓಡಿದರೂ ಈ ವ್ಯತ್ಯಾಸ ಒಂದು ಸೆಕೆಂಡನ್ನು ಮುಟ್ಟದು. ಆದಕಾರಣವೇ ನಿತ್ಯಜೀವನದಲ್ಲಿ ಅದು ನಮ್ಮ ಗಮನಕ್ಕೆ ಬರುವುದಿಲ್ಲ.

ಇದು ಬರಿಯ ಊಹೆಯಲ್ಲ. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಅಪ್ಪಳಿಸಿದಾಗ ಸುಮಾರು 15 ಕಿ.ಮೀ. ಎತ್ತರದಲ್ಲಿ ಮ್ಯುವಾನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಅಷ್ಟರಲ್ಲಿ ಬೆಳಕೇ ಕ್ರಮಿಸುವ ದೂರ ಸುಮಾರು 660 ಮೀಟರ್. ಆದರೂ ಅವು ಅಪಾರ ಸಂಖ್ಯೆಯಲ್ಲಿ ನೆಲ ಮುಟ್ಟುತ್ತವೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗಳಿಗಿಳಿದು, ನೆಲವನ್ನೂ ತೂರಿ ಬಂದ ಮ್ಯುವಾನ್‌ಗಳನ್ನು ಎಣಿಸಿದ್ದರು. ಅಲ್ಪಾಯುಷಿ ಕಣಕ್ಕೆ ಇಷ್ಟು ದೂರ ಹೇಗೆ ಸಾಧ್ಯ? ನಮ್ಮ ಲೆಕ್ಕದಲ್ಲಿ ಅದರ ಗಡಿಯಾರ ನಿಧಾನವಾಗಿದೆ. ಮ್ಯುವಾನಿನ ಲೆಕ್ಕದಲ್ಲಿ ಗಡಿಯಾರ ಸರಿಯಾಗಿಯೇ ಇದೆ, ವಾತಾವರಣದ ದಪ್ಪವೇ ಕುಗ್ಗಿದೆ. ಕಾರಣಗಳು ಬೇರೆಯಾದರೂ ಕಣ ನೆಲ ಮುಟ್ಟುತ್ತದೆ ಎಂಬ ಸಂಗತಿಯಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ನಮ್ಮ ಮೊಬೈಲ್‌ಗಳಿಗೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳದೂ ಇದೇ ಕಥೆ. 20,200 ಕಿ.ಮೀ. ಎತ್ತರದಲ್ಲಿ ಧಾವಿಸುವ ಅವುಗಳ ಗಡಿಯಾರಗಳು ವೇಗದ ಕಾರಣ ದಿನಕ್ಕೆ 7 ಮೈಕ್ರೋಸೆಕೆಂಡು ಹಿಂದೆ ಬೀಳುತ್ತವೆ. ಐನ್‌ಸ್ಟೀನ್ 1915ರಲ್ಲಿ ಮಂಡಿಸಿದ ಗುರುತ್ವ ಸಿದ್ಧಾಂತದಂತೆ, ಅಲ್ಲಿ ಗುರುತ್ವ ದುರ್ಬಲವಾಗಿರುವುದರಿಂದ 45 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ನಿವ್ವಳ ವ್ಯತ್ಯಾಸ 38. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮೀರಿದ ತಪ್ಪು ನುಸುಳುತ್ತದೆ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ನಿಯಂತ್ರಣ ಕೇಂದ್ರ ಹೊಂದಿರುವ ನಮ್ಮದೇ ನಾವಿಕ್ ವ್ಯವಸ್ಥೆಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ವಿಜ್ಞಾನಿಗಳಿಗೆ ಬೆಳಕಿನ ಮೇಲಿರುವ ಭರವಸೆ ಎಷ್ಟೆಂದರೆ, 1983ರಿಂದ ಮೀಟರಿನ ಅಳತೆಯನ್ನೇ ಅದಕ್ಕೆ ಒಪ್ಪಿಸಿದ್ದಾರೆ: ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಕ್ರಮಿಸುವ ದೂರವೇ ಒಂದು ಮೀಟರ್.

ಹೀಗಿರುವಾಗ ‘ಎಲ್ಲವೂ ಸಾಪೇಕ್ಷ’ ಎಂಬ ಘೋಷಣೆಗೆ ಈ ಸಿದ್ಧಾಂತವನ್ನು ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ. ಐನ್‌ಸ್ಟೀನರ 1905ರ ಆ ಪ್ರಬಂಧದ ಶೀರ್ಷಿಕೆಯಲ್ಲಿ ‘ಸಾಪೇಕ್ಷತೆ’ ಎಂಬ ಪದವೇ ಇರಲಿಲ್ಲ. ಅದು ಚಲಿಸುವ ಕಾಯಗಳ ವಿದ್ಯುತ್ ಚಲನಶಾಸ್ತ್ರವನ್ನು ಕುರಿತದ್ದು. ಇಬ್ಬರು ವೀಕ್ಷಕರ ಅಳತೆಗಳು ಭಿನ್ನವಾಗುತ್ತವೆ, ನಿಜ. ಆದರೆ ಆ ಭಿನ್ನತೆ ಅವರವರ ಇಷ್ಟಾನಿಷ್ಟದಿಂದ ಬಂದದ್ದಲ್ಲ. ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕಕ್ಕೆ ನಿಖರವಾಗಿ ಪರಿವರ್ತಿಸುವ ಸೂತ್ರವಿದೆ, ಮತ್ತು ಅದು ಇಬ್ಬರನ್ನೂ ಸಮಾನವಾಗಿ ಕಟ್ಟಿಹಾಕುತ್ತದೆ. ಕಾರಣಕ್ಕಿಂತ ಮೊದಲು ಪರಿಣಾಮ ಯಾರಿಗೂ ಕಾಣಿಸದು.

ಒಂದೇ ಬರಗಾಲದ ವರದಿ ತಾಲ್ಲೂಕು ಕಚೇರಿಯಿಂದ ಒಂದು ಬಗೆಯಾಗಿಯೂ ರಾಜಧಾನಿಯಿಂದ ಇನ್ನೊಂದು ಬಗೆಯಾಗಿಯೂ ಕಾಣುವುದನ್ನು ನನ್ನ ಸೇವಾವಧಿಯಲ್ಲಿ ಅನೇಕ ಬಾರಿ ಕಂಡಿದ್ದೇನೆ. ನಿಂತ ನೆಲ ಬೇರೆಯಾದಾಗ ಅದು ಸಹಜ. ಆದರೆ ಆ ಎರಡು ವರದಿಗಳನ್ನು ತಾಳೆ ನೋಡುವ ಹೊಣೆಯಿಂದ ಯಾರೂ ನುಣುಚಿಕೊಳ್ಳಲಾಗದು. ಒಣಗಿದ ಬೆಳೆ ಎರಡರಲ್ಲೂ ಒಣಗಿದ್ದೇ ಆಗಿರಬೇಕು. ದೃಷ್ಟಿಕೋನ ಭಿನ್ನವೆಂದು ಹೇಳಿ ಚರ್ಚೆ ಮುಗಿಸುವುದು ಸುಲಭ. ಭಿನ್ನತೆ ಎಲ್ಲಿಂದ ಬಂತು, ಎಷ್ಟು, ಇಬ್ಬರಿಗೂ ಸಮಾನವಾದುದು ಯಾವುದು ಎಂದು ಕೇಳುವುದು ಕಷ್ಟದ ಕೆಲಸ. ಐನ್‌ಸ್ಟೀನ್ ಮಾಡಿದ್ದು ಈ ಎರಡನೆಯ ಕೆಲಸವನ್ನು.