ಅವಳಿ ಕೂಸುಗಳ ರಾತ್ರಿ: ಹೈದರಾಬಾದಿನಲ್ಲಿ ಒಂದು ಆರೈಕೆ ಕ್ರಮ ರೂಪುಗೊಂಡ ಬಗೆ

ಹೈದರಾಬಾದಿನ ದೊಡ್ಡ ಪ್ರಸೂತಿ ಆಸ್ಪತ್ರೆಯೊಂದರಿಂದ ಅವಳಿ ಕೂಸುಗಳನ್ನು ಮನೆಗೆ ಕರೆತರುವ ಕುಟುಂಬದ ಕೈಯಲ್ಲಿ ಇಂದು ಎರಡು ಬಗೆಯ ತಿಳಿವಳಿಕೆ ಇರುತ್ತದೆ. ತೊಟ್ಟಿಲು, ಎಣ್ಣೆನೀರು, ಜೋಗುಳ, ಅಜ್ಜಿಯ ಮಡಿಲು ಇವು ಮನೆಯಿಂದ ಬಂದವು. ಎರಡು ಮೂರು ಗಂಟೆಗೊಮ್ಮೆ ಹಾಲು, ಯಾವ ಮಗು ಎಷ್ಟು ಹೊತ್ತಿಗೆ ಕುಡಿಯಿತೆಂಬ ಬರಹ, ಅಂಗಾತ ಮಲಗಿಸುವ ನಿಯಮ, ಬಟ್ಟೆಯ ಅಡ್ಡಿಯಿಲ್ಲದೆ ಎದೆಗೊರಗಿಸಿಕೊಳ್ಳುವ ರೂಢಿ ಇವು ವಾರ್ಡಿನಿಂದ ಬಂದವು. ಈ ಎರಡು ಧಾರೆಗಳು ಒಂದೇ ಕೋಣೆಯಲ್ಲಿ ಕೂಡಿಕೊಂಡದ್ದು ಕಳೆದ ಏಳು ದಶಕಗಳ ಬೆಳವಣಿಗೆ. ಅದರ ಇತಿಹಾಸವನ್ನು ನೋಡಿದರೆ ಶಿಶುವನ್ನು ನಿದ್ದೆಗಿಳಿಸುವ ಉಪಾಯಗಳು ಅಷ್ಟೇನೂ ಬದಲಾಗಿಲ್ಲವೆಂದೂ, ರಾತ್ರಿ ಎಚ್ಚರವಾಗಿರಬೇಕಾದ ಕೈಗಳು ಯಾರವು, ಎಷ್ಟು ಎಂಬುದೇ ಮತ್ತೆ ಮತ್ತೆ ಬದಲಾಗಿದೆಯೆಂದೂ ತಿಳಿಯುತ್ತದೆ.

ನವಜಾತ ಶಿಶು, ಅಂದರೆ ಮೊದಲ 28 ದಿನಗಳ ಕೂಸು, ದಿನಕ್ಕೆ 14ರಿಂದ 17 ಗಂಟೆಗಳಷ್ಟು ನಿದ್ರಿಸಿದರೂ ಆ ನಿದ್ರೆ ತುಂಡುತುಂಡಾಗಿರುತ್ತದೆ. ಅದರಲ್ಲಿ ಸುಮಾರು ಅರ್ಧಭಾಗ ಕಣ್ಣುಗುಡ್ಡೆ ಹೊರಳುವ, ಮುಖ ಕಿವುಚುವ, ಕೈಕಾಲು ಮಿಸುಕುವ ಚಂಚಲ ನಿದ್ರೆ. ಕತ್ತಲಾದಾಗ ದೇಹವನ್ನು ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನಿನ ಲಯ ಮಗುವಿನ ದೇಹದಲ್ಲಿ ಎರಡು ಮೂರು ತಿಂಗಳು ತುಂಬುವ ಹೊತ್ತಿಗಷ್ಟೇ ಮೂಡುವುದರಿಂದ, ಅಲ್ಲಿಯವರೆಗೆ ಕೂಸಿಗೆ ಹಗಲೂ ಒಂದೇ, ಇರುಳೂ ಒಂದೇ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 37 ವಾರ ತುಂಬುವ ಮೊದಲೇ ಹುಟ್ಟುವುದರಿಂದ ಈ ಲೆಕ್ಕವನ್ನು ಹುಟ್ಟಿದ ದಿನದಿಂದ ಹಿಡಿಯದೆ, ಹೆರಿಗೆ ಆಗಬೇಕಿದ್ದ ದಿನದಿಂದ ಹಿಡಿಯಬೇಕಾಗುತ್ತದೆ. ವೈದ್ಯರು ಇದನ್ನು ತಿದ್ದಿದ ವಯಸ್ಸು ಎನ್ನುತ್ತಾರೆ. ಎಂಟು ವಾರ ಮೊದಲೇ ಹುಟ್ಟಿದ ಅವಳಿಗಳ ತಾಯಿ ಮೂರನೆಯ ತಿಂಗಳಲ್ಲೂ ರಾತ್ರಿಯಿಡೀ ಎಚ್ಚರವಿದ್ದರೆ ಅದು ಆಕೆಯ ಕೈಗುಣದ ದೋಷವಲ್ಲ, ಪಂಚಾಂಗದ ಲೆಕ್ಕ.

ಆಸ್ಪತ್ರೆಯ ಹೆರಿಗೆ ಸಾಮಾನ್ಯವಾಗುವ ಮೊದಲು ದಖ್ಖನಿನ ಮನೆಗಳಲ್ಲಿ ಈ ರಾತ್ರಿಗಳನ್ನು ನಿಭಾಯಿಸುತ್ತಿದ್ದುದು ಹೆಂಗಸರ ಒಂದು ಸಣ್ಣ ಪಡೆ. ಕನ್ನಡದವರ ಬಾಣಂತನ, ತೆಲುಗರ ಪುರುಡು, ದಖ್ಖನಿ ಮುಸ್ಲಿಮರ 40 ದಿನಗಳ ಚಿಲ್ಲಾ ಈ ಮೂರರಲ್ಲೂ ತಾಯಿಯನ್ನು ಮನೆಗೆಲಸದಿಂದ ಬಿಡಿಸಿ ಕೂಸಿನ ಜೊತೆ ಒಂದು ಕೋಣೆಯಲ್ಲಿ ಇರಿಸಲಾಗುತ್ತಿತ್ತು. ಜಂತಿಗೆ ಕಟ್ಟಿದ ಹಳೆಯ ಸೀರೆಯ ಜೋಲಿಯಲ್ಲಿ ಒಂದು ಕೂಸು, ಚಾಚಿದ ಕಾಲುಗಳ ಮೇಲೆ ಇನ್ನೊಂದು. ತೂಗುವವರು ಒಬ್ಬರಾದರೆ ತಟ್ಟುವವರು ಇನ್ನೊಬ್ಬರು. ಸಂಜೆಯ ಹೊತ್ತಿಗೆ ಕೂಸುಗಳು ಹಟ ಹಿಡಿದಾಗ ದೃಷ್ಟಿ ತೆಗೆಯುತ್ತಿದ್ದರು. ಶಿಶುಗಳ ಅಳು ಸಂಜೆಯ ವೇಳೆಗೆ ಒತ್ತರಿಸಿ ಬರುತ್ತದೆ, ಆರನೆಯ ವಾರದ ಸುಮಾರಿಗೆ ತುತ್ತತುದಿ ಮುಟ್ಟಿ ಆಮೇಲೆ ಇಳಿಯುತ್ತದೆ ಎಂಬುದನ್ನು ಅಮೆರಿಕದ ಮಕ್ಕಳ ತಜ್ಞ ಟಿ. ಬೆರಿ ಬ್ರೇಜಲ್ಟನ್ 1962ರಲ್ಲಿ ದಾಖಲಿಸಿದರು. ದೃಷ್ಟಿ ತೆಗೆಯುವವರು ಕಾರಣವನ್ನು ತಪ್ಪಾಗಿ ಹೇಳಿದ್ದರೂ ಹೊತ್ತನ್ನು ಸರಿಯಾಗಿಯೇ ಗುರುತಿಸಿದ್ದರು.

ಆ ಕೋಣೆಯನ್ನು ಬರೀ ಹಾಡಿ ಹೊಗಳುವುದೂ ಸರಿಯಲ್ಲ. ಕೈಗಳು ಸಾಲದೆ ಹೋದಲ್ಲಿ ಮದ್ದು ಬರುತ್ತಿತ್ತು. ಜಾಯಿಕಾಯಿ, ಬಜೆಗಳನ್ನು ಕಲ್ಲಿನ ಮೇಲೆ ತೇದು ನಾಲಗೆಗೆ ಸವರುವುದು ಮನೆಮನೆಯ ರೂಢಿಯಾಗಿತ್ತು. ದುಡಿಮೆಗೆ ಹೋಗಲೇಬೇಕಾದ ತಾಯಂದಿರು ಕೂಸುಗಳಿಗೆ ಅಫೀಮಿನ ಸಣ್ಣ ಗುಳಿಗೆ ಕೊಟ್ಟು ಮಲಗಿಸುತ್ತಿದ್ದುದರ ಬಗ್ಗೆ 1893ರಿಂದ 1895ರವರೆಗೆ ಕೆಲಸ ಮಾಡಿದ ಅಫೀಮು ಕುರಿತ ರಾಯಲ್ ಆಯೋಗದ ಮುಂದೆ ಸಾಕ್ಷ್ಯಗಳು ಬಂದಿದ್ದವು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರ್ ಭಾರತದ ಮನೆಗಳಿಗೆ ಎಷ್ಟು ಒಗ್ಗಿಹೋಯಿತೆಂದರೆ ಅದನ್ನು ಅಜ್ಜಿಯ ಮದ್ದೆಂದೇ ಎಣಿಸುವವರಿದ್ದಾರೆ. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆಗಳ ಜೊತೆ ಅದರ ಹಳೆಯ ಪಾಕದಲ್ಲಿ ಆಲ್ಕೋಹಾಲ್ ಕೂಡ ಇತ್ತು. ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನನ್ನೂ ಕೊಡಬಾರದೆಂದು ಇಂದಿನ ಮಕ್ಕಳ ವೈದ್ಯರು ಹೇಳುವಾಗ ಈ ಇಡೀ ಸಾಲನ್ನೇ ಹೊರಗಿಡುತ್ತಾರೆ. ಸಾಂಬ್ರಾಣಿ ಹೊಗೆಯನ್ನೂ ಅವರು ಬೇಡವೆನ್ನುವುದು ಎಳೆಯ ಶ್ವಾಸಕೋಶಗಳ ಕಾರಣಕ್ಕೆ.

ಹೈದರಾಬಾದಿನಲ್ಲಿ ಹೆರಿಗೆಯು ಮನೆಯಿಂದ ಹೊರಬಂದ ಕಥೆ 20ನೆಯ ಶತಮಾನದ ಮೊದಲ ದಶಕದಲ್ಲಿ ಮೂಸಿ ನದಿಯ ದಂಡೆಯ ಮೇಲೆ ತಲೆಯೆತ್ತಿದ ವಿಕ್ಟೋರಿಯಾ ಜನಾನಾ ಆಸ್ಪತ್ರೆಯಿಂದ ಶುರುವಾಗುತ್ತದೆ; 1948ರಲ್ಲಿ ಬೊಗ್ಗುಲಕುಂಟಾದಲ್ಲಿ ಡಾ. ಲೂರ್ಡ್ಸ್ ಫರ್ನಾಂಡಿಸ್ ಎರಡು ಹಾಸಿಗೆಗಳಿಂದ ಆರಂಭಿಸಿದ ಚಿಕಿತ್ಸಾಲಯ ಮುಂದೆ ನಗರದ ದೊಡ್ಡ ಪ್ರಸೂತಿ ಸಂಸ್ಥೆಗಳಲ್ಲಿ ಒಂದಾಯಿತು. ಆದರೆ ನವಜಾತ ಶಿಶುಗಳ ಮಟ್ಟಿಗೆ ತಿರುವು ತಂದದ್ದು ನಿಲೋಫರ್ ಆಸ್ಪತ್ರೆ. ಒಟ್ಟೋಮನ್ ರಾಜಮನೆತನದಲ್ಲಿ 1916ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿದ ನಿಲೋಫರ್, ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಎರಡನೆಯ ಮಗ ಮೊಅಜ್ಜಮ್ ಜಾಹ್ ಅವರನ್ನು 1931ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ವಿವಾಹವಾದರು. ಅವರಿಗೆ ಮಕ್ಕಳಾಗಲಿಲ್ಲ. 1949ರಲ್ಲಿ ಅವರ ಅಚ್ಚುಮೆಚ್ಚಿನ ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಾಗ, ಇಂಥ ಸಾವುಗಳನ್ನು ತಡೆಯಬಲ್ಲ ಆಸ್ಪತ್ರೆಯೊಂದು ಬೇಕೆಂದು ಅವರು ಮಾವನೆದುರು ಹಟ ಹಿಡಿದರೆಂಬುದು ಆಸ್ಪತ್ರೆಯ ಹುಟ್ಟಿನ ಕಥೆ. 1953ರಲ್ಲಿ ಅದು ರೆಡ್ ಹಿಲ್ಸ್‌ನಲ್ಲಿ ಬಾಗಿಲು ತೆರೆದಾಗ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಂದರೆ ಇಂದಿನ ಕಲ್ಯಾಣ ಕರ್ನಾಟಕದ ಬಹುಪಾಲು ಕೂಸುಗಳಿಗೂ ಅದು ತಮ್ಮ ರಾಜಧಾನಿಯ ಆಸ್ಪತ್ರೆಯೇ ಆಗಿತ್ತು. 1956ರ ನವೆಂಬರ್ 1ರಂದು ಗಡಿ ಬದಲಾಯಿತು, ಚಿಕಿತ್ಸೆಗೆ ಹೈದರಾಬಾದಿನ ದಾರಿ ಹಿಡಿಯುವ ರೂಢಿ ಮಾತ್ರ ಆ ಜಿಲ್ಲೆಗಳಲ್ಲಿ ಇನ್ನೂ ಅಳಿದಿಲ್ಲ.

ಇದೇ ಆಸ್ಪತ್ರೆ ಅವಳಿಗಳಿಬ್ಬರಿಗೆ ತೌರುಮನೆಯೂ ಆದದ್ದುಂಟು. 2003ರಲ್ಲಿ ಅಂದಿನ ವಾರಂಗಲ್ ಜಿಲ್ಲೆಯ ಹಳ್ಳಿಯೊಂದರ ಕೂಲಿಕಾರ ದಂಪತಿಗೆ ತಲೆ ಕೂಡಿಕೊಂಡು ಹುಟ್ಟಿದ ಹೆಣ್ಣುಮಕ್ಕಳು 2017ರಲ್ಲಿ ಸರ್ಕಾರಿ ಬಾಲಕಿಯರ ಗೃಹಕ್ಕೆ ಹೋಗುವವರೆಗೆ ಬೆಳೆದದ್ದು ನಿಲೋಫರಿನ ಕೋಣೆಯೊಂದರಲ್ಲಿ, ದಾದಿಯರ ಮತ್ತು ಆಯಾಗಳ ಸರದಿಯ ಆರೈಕೆಯಲ್ಲಿ. ಇದು ಅಪರೂಪದಲ್ಲಿ ಅಪರೂಪದ ಪ್ರಸಂಗ. ಆದರೂ ಅವಳಿಗಳ ಪಾಲನೆ ಸರದಿಯಿಲ್ಲದೆ ನಡೆಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು.

ವಾರ್ಡಿನ ವಿದ್ಯೆಯ ಮೊದಲ ಪಾಠ ಬೇರ್ಪಡಿಸುವಿಕೆಯಾಗಿತ್ತು. 1880ರ ದಶಕದಲ್ಲಿ ಪ್ಯಾರಿಸಿನ ಪ್ರಸೂತಿ ತಜ್ಞ ಸ್ತೆಫಾನ್ ತಾರ್ನಿಯೆ ಕೋಳಿಮೊಟ್ಟೆಗಳನ್ನು ಮರಿ ಮಾಡಿಸುವ ಪೆಟ್ಟಿಗೆಯ ಮಾದರಿಯಲ್ಲಿ ಬಳಕೆಗೆ ತಂದ ಇನ್‌ಕ್ಯುಬೇಟರ್, ಅಂದರೆ ಶಿಶುವನ್ನು ಒಂದೇ ಹದದ ಬೆಚ್ಚಗಿನಲ್ಲಿಡುವ ಸಾಧನ, ಜಗತ್ತಿನ ಎಲ್ಲ ಕಡೆ ಅಕಾಲ ಶಿಶುಗಳನ್ನು ತಾಯಿಯಿಂದ ದೂರವಿಟ್ಟು ಉಳಿಸುವ ಕ್ರಮಕ್ಕೆ ನಾಂದಿಯಾಯಿತು. ಬಡ ದೇಶಗಳಲ್ಲಿ ಪೆಟ್ಟಿಗೆಗಳು ಕಡಿಮೆ, ಕೂಸುಗಳು ಹೆಚ್ಚು. ಒಂದರಲ್ಲೇ ಇಬ್ಬರು ಮೂವರನ್ನು ಮಲಗಿಸಿದಾಗ ಸೋಂಕು ಹರಡುತ್ತಿತ್ತು. ಈ ಇಕ್ಕಟ್ಟಿನಿಂದಲೇ 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಮತ್ತು ಡಾ. ಹೆಕ್ಟರ್ ಮಾರ್ಟಿನೆಸ್ ಕೂಸನ್ನು ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಶುರುಮಾಡಿದರು. ತಾಯಿಯ ಮೈಶಾಖ ಕೂಸನ್ನು ಬೆಚ್ಚಗಿಟ್ಟಿತು; ಉಸಿರು, ಎದೆಬಡಿತಗಳು ಹದಕ್ಕೆ ಬಂದವು; ನಿದ್ದೆ ಆಳವಾಯಿತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜೇನಿಯಾಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು, 1 ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ದೊರೆತಾಗ ಮೊದಲ 28 ದಿನಗಳ ಸಾವುಗಳು ಶೇ 25ರಷ್ಟು ಇಳಿದದ್ದನ್ನು ತೋರಿಸಿತು. ಹಿಂದೊಮ್ಮೆ ನಿಜಾಮರ ಸೀಮೆಯಾಗಿದ್ದ ಕೊಪ್ಪಳವು ಇದೇ ಆರೈಕೆಯನ್ನು ಇಡೀ ಜಿಲ್ಲೆಗೆ ವಿಸ್ತರಿಸುವ ಬಗೆಯನ್ನು ಪರೀಕ್ಷಿಸಿದ ತಾಣಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆ ಈಗ ದಿನಕ್ಕೆ 8ರಿಂದ 24 ಗಂಟೆಗಳ ಕಾಂಗರೂ ಆರೈಕೆಯನ್ನು ಸೂಚಿಸುತ್ತದೆ. ಈ ಸಂಖ್ಯೆಯನ್ನು ಅವಳಿಗಳಿಗೆ ಅನ್ವಯಿಸಿದಾಗಲೇ ಒಬ್ಬ ತಾಯಿಯ ಎದೆ ಸಾಲದೆಂಬುದು ಗೊತ್ತಾಗುತ್ತದೆ. ಎರಡನ್ನೂ ಒಟ್ಟಿಗೆ ಕಟ್ಟಿಕೊಳ್ಳಬಹುದು, ಆದರೆ ಎಷ್ಟು ಹೊತ್ತು? ಹೀಗೆ ತಂದೆ, ಅಜ್ಜಿ, ಚಿಕ್ಕಮ್ಮ ವಾರ್ಡಿನೊಳಗೆ ಕಾಲಿಟ್ಟರು. ಗಂಡಸರಿಗೆ ಬಾಗಿಲು ಮುಚ್ಚಿದ್ದ ಬಾಣಂತಿ ಕೋಣೆ ಆಸ್ಪತ್ರೆಯಲ್ಲಿ ತೆರೆದುಕೊಂಡಿತು.

ವಾರ್ಡಿನಿಂದ ಬಂದ ಎರಡನೆಯ ವಿದ್ಯೆ ಗಡಿಯಾರ. ಹಾಲು ಚೀಪುವ ಶಕ್ತಿಯಿಲ್ಲದ ಅಕಾಲ ಶಿಶು ಹಸಿದಾಗ ಅಳುವುದೆಂದು ಕಾಯುವಂತಿಲ್ಲವಾದ್ದರಿಂದ ಅಲ್ಲಿ ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸುತ್ತಾರೆ. ತಾಯಿಯ ಹಾಲು ಸಾಲದಾದಾಗ ನಿಲೋಫರಿನಲ್ಲಿ 2017ರಲ್ಲಿ ಆರಂಭವಾದ ‘ಧಾತ್ರಿ’ ಎದೆಹಾಲಿನ ಬ್ಯಾಂಕಿನಂಥ ವ್ಯವಸ್ಥೆಗಳು ನೆರವಿಗೆ ಬರುತ್ತವೆ. ಒಂದು ಕೂಸು ಎದ್ದರೆ ಇನ್ನೊಂದನ್ನೂ ಎಬ್ಬಿಸಿ ಹಾಲುಕೊಡಿ ಎಂದು ಅವಳಿಗಳ ತಾಯಂದಿರಿಗೆ ಇಂದು ಹೇಳುವ ಮಾತಿಗೆ ಈ ಗಡಿಯಾರವೇ ಹಿನ್ನೆಲೆ. ಮಲಗಿದ ಕೂಸನ್ನು ಎಬ್ಬಿಸಬಾರದೆನ್ನುವ ಮನೆಯ ಹಿರಿಯರಿಗೆ ಇದು ವಿಪರೀತವೆನಿಸಬಹುದು, ಆದರೆ ಲೆಕ್ಕ ವಾರ್ಡಿನ ಪರವಾಗಿದೆ. ಹಾಲು ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ ಮಲಗಿಸಲು ಪ್ರತಿ ಕೂಸಿಗೂ ಒಂದೊಂದು ಗಂಟೆ ಹಿಡಿದರೆ, ಒಂದಾದ ಮೇಲೊಂದು ಕುಡಿಸುವ ತಾಯಿಗೆ ಪ್ರತಿ ಮೂರು ಗಂಟೆಯಲ್ಲಿ ಉಳಿಯುವುದು ಒಂದು. ಎರಡಕ್ಕೂ ಒಟ್ಟಿಗೆ ಕುಡಿಸಿದರೆ ಎರಡು. ಈ ಒಂದು ಗಂಟೆಯ ಅಂತರವೇ ರಾತ್ರಿಯಲ್ಲಿ ತಾಯಿಯ ನಿದ್ದೆಯಾಗುತ್ತದೆ.

ಒಂದೇ ಹಾಸಿಗೆಯೋ, ಎರಡೋ ಎಂಬ ಚರ್ಚೆ ಹುಟ್ಟಿದ್ದು ಒಂದು ಚಿತ್ರದಿಂದ. 1995ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರದಲ್ಲಿ, ಅಕಾಲದಲ್ಲಿ ಹುಟ್ಟಿದ್ದ ಅವಳಿಗಳಲ್ಲಿ ಸೊರಗಿದ ಕೂಸನ್ನು ದಾದಿಯೊಬ್ಬರು ಇನ್ನೊಂದರ ಪಕ್ಕ ಮಲಗಿಸಿದಾಗ ಅದು ಚೇತರಿಸಿಕೊಂಡಿತೆಂಬ ಸುದ್ದಿ, ಒಂದು ಕೂಸು ಇನ್ನೊಂದರ ಮೇಲೆ ತೋಳು ಚಾಚಿದ ಫೋಟೋದೊಂದಿಗೆ ಜಗತ್ತನ್ನೆಲ್ಲ ಸುತ್ತಿತು. ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಹೆಲೆನ್ ಬಾಲ್ ಅವಳಿಗಳ ರಾತ್ರಿಗಳನ್ನು ಚಿತ್ರೀಕರಿಸಿ ನೋಡಿದಾಗ ಒಟ್ಟಿಗೆ ಮಲಗಿದ ಅವಳಿಗಳ ನಿದ್ದೆ–ಎಚ್ಚರಗಳು ಹೆಚ್ಚು ಹೊಂದಿಕೊಂಡಿದ್ದವು. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಕಾರಣ ತಿಳಿಯದೆ ನಿದ್ದೆಯಲ್ಲೇ ಸಂಭವಿಸುವ ಶಿಶುಮರಣದ ಭಯದಿಂದ, ಒಂದೇ ಕೋಣೆಯಲ್ಲಿ ಬೇರೆ ಬೇರೆ ಗಟ್ಟಿ ಹಾಸಿಗೆಗಳ ಮೇಲೆ ಅಂಗಾತ ಮಲಗಿಸುವುದೇ ಸರಿಯೆನ್ನುತ್ತದೆ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬಿಗೂ ಈ ನಿಯಮದಲ್ಲಿ ಜಾಗವಿಲ್ಲ.

ಜೋಲಿಯ ವಿಷಯದಲ್ಲಿ ತೀರ್ಪು ಇಷ್ಟು ಸುಲಭವಲ್ಲ. ತೂಗಿದರೆ ಕೂಸು ಸುಮ್ಮನಾಗುವುದಕ್ಕೆ ಮೈಯ ಸ್ಪರ್ಶ, ಚಲನೆಗಳ ಅರಿವು ಮತ್ತು ಎದೆಬಡಿತವನ್ನು ನಿಧಾನಿಸುವ ನರವ್ಯೂಹ ಕಾರಣವೆಂಬುದನ್ನು ಜಪಾನಿನ ರೈಕೆನ್ ಸಂಸ್ಥೆಯ ಕುಮಿ ಕುರೋಡಾ ಅವರ ತಂಡದ ಅಧ್ಯಯನಗಳು ವಿವರಿಸಿವೆ: ಅಳುವ ಶಿಶುವನ್ನು ಎತ್ತಿಕೊಂಡು ಐದು ನಿಮಿಷ ನಡೆದು, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಕುಳಿತು, ಆಮೇಲೆ ಕೆಳಗಿಳಿಸಿದರೆ ಅದು ಎಚ್ಚರಗೊಳ್ಳುವ ಸಂಭವ ಕಡಿಮೆಯೆಂದು 2022ರ ಅವರ ವರದಿ ಹೇಳುತ್ತದೆ. ಅಡ್ಡಾಡುತ್ತ ಜೋಗುಳ ಹಾಡಿ, ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ಜೋಲಿಯ ಬಾಗಿನಲ್ಲಿ ಹಗುರ ಕೂಸಿನ ಗದ್ದ ಎದೆಗೆ ಒತ್ತಿ ಉಸಿರ್ದಾರಿ ಕಿರಿದಾಗುವ ಅಪಾಯವಿರುವುದರಿಂದ, ಅಳು ಸಮಾಧಾನಿಸಲು ತೂಗುವುದು, ಮಲಗಿಸಲು ಸಪಾಟು ಹಾಸಿಗೆ ಎಂಬ ಹೊಂದಾಣಿಕೆಯೇ ಅವಳಿಗಳಿಗೆ ಒಳ್ಳೆಯದು.

ಹೈದರಾಬಾದಿನ ಗಚ್ಚಿಬೌಲಿ, ಕೊಂಡಾಪುರಗಳ ಫ್ಲ್ಯಾಟುಗಳಲ್ಲಿ ಜಂತಿಯಿಲ್ಲ; ಉಕ್ಕಿನ ಚೌಕಟ್ಟಿಗೆ ಸ್ಪ್ರಿಂಗ್ ಹಾಕಿದ ತೊಟ್ಟಿಲುಗಳು, ವಿದ್ಯುತ್ತಿನಿಂದ ತಾವಾಗಿ ತೂಗುವ ಯಂತ್ರಗಳು ಅಲ್ಲಿಗೆ ಬಂದಿವೆ. ಬೀದರಿನಿಂದಲೋ ಕಲಬುರಗಿಯಿಂದಲೋ ಬಂದು ಒಂದೆರಡು ತಿಂಗಳು ಉಳಿಯುವ ತಾಯಿಯ ತಾಯಿ ಅಲ್ಲಿನ ಕನ್ನಡ ಕುಟುಂಬಗಳಲ್ಲಿ ಹಳೆಯ ಪಡೆಯ ಕೊನೆಯ ಸದಸ್ಯೆ. ಆಕೆ ಊರಿಗೆ ಮರಳುವ ಹೊತ್ತಿಗೆ ಅಕಾಲದಲ್ಲಿ ಹುಟ್ಟಿದ ಅವಳಿಗಳಿಗೆ ರಾತ್ರಿ ಹಗಲಿನ ಲಯ ಇನ್ನೂ ಮೂಡಿರುವುದಿಲ್ಲ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಕಾನೂನು ಮೊದಲೆರಡು ಮಕ್ಕಳಿಗೆ ತಾಯಿಗೆ 26 ವಾರಗಳ ವೇತನಸಹಿತ ರಜೆ ನೀಡುತ್ತದೆ, ಆದರೆ ಒಂದೇ ಹೆರಿಗೆಯಲ್ಲಿ ಇಬ್ಬರು ಹುಟ್ಟಿದರೆ ಆ ಅವಧಿ ಹಿಗ್ಗುವುದಿಲ್ಲ. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನಗಳ ರಜೆಯುಂಟು. ಹೆರಿಗೆಯಾದ ಆರು ತಿಂಗಳೊಳಗೆ ಅದನ್ನು ಬಳಸಿಕೊಳ್ಳಬಹುದು. ಖಾಸಗಿ ಕಂಪನಿಯ ತಂದೆಯ ರಜೆಯನ್ನು ನಿರ್ಧರಿಸುವುದು ಕಂಪನಿ. ಕಾಂಗರೂ ಆರೈಕೆಗಾಗಿ ವಾರ್ಡು ಯಾರನ್ನು ಒಳಗೆ ಕರೆಯಿತೋ ಅವನೇ ಮನೆಯಲ್ಲಿ ಮಧ್ಯರಾತ್ರಿಯ ಸರದಿಗೆ ನಿಲ್ಲಬಲ್ಲ ಎರಡನೆಯ ಆಳು; ಬೆಳಗ್ಗೆ ಅವನಿಗೆ ಕಚೇರಿಯಿದೆ.