ಸುಮ್ಮನಿರಲು ಕಲಿತ ಕೈ

ಲಕ್ವ ಹೊಡೆದ ಕೈ ಏಕೆ ಆಡುವುದಿಲ್ಲ? ಎಲ್ಲರಿಗೂ ಗೊತ್ತಿರುವ ಉತ್ತರ ಒಂದಿದೆ: ರಕ್ತ ಸಿಗದೆ ಮೆದುಳಿನ ಒಂದು ಭಾಗ ಸತ್ತಿದೆ, ಅಪ್ಪಣೆ ಕೊಡುವವರೇ ಇಲ್ಲದ ಮೇಲೆ ಕೈ ಆಡುವುದೆಲ್ಲಿಂದ? ಉತ್ತರ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಪರೀಕ್ಷೆಯ ಕೋಣೆಯಲ್ಲಿ ಡಾಕ್ಟರು ‘ಕೈ ಎತ್ತಿ’ ಎಂದಾಗ ತಕ್ಕಮಟ್ಟಿಗೆ ಏಳುವ ಕೈಯೇ ಮನೆಗೆ ಬಂದ ಮೇಲೆ ತಟ್ಟೆಯ ಮುಂದೆ ತೊಡೆಯ ಮೇಲೆ ಬಿದ್ದಿರುವುದುಂಟು. ಕೈಗೆ ಏನು ಸಾಧ್ಯ ಎನ್ನುವುದು ಬೇರೆ, ದಿನದಲ್ಲಿ ಅದು ಏನು ಮಾಡುತ್ತದೆ ಎನ್ನುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಮೆದುಳಿನ ಗಾಯದ ಲೆಕ್ಕಕ್ಕೆ ಬರೆಯಲಾಗದು. ಅದು ರೋಗಿ ತನಗರಿವಿಲ್ಲದೆ ಕಲಿತ ಪಾಠ. ಕಲಿತದ್ದಾದರೆ ಬಿಡಿಸುವ ದಾರಿಯೂ ಇರಬೇಕು.

ಈ ಮಾತಿನ ಬೇರು ಕೋತಿಗಳ ಮೇಲಿನ ಪ್ರಯೋಗದಲ್ಲಿದೆ. 1895ರಲ್ಲಿ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್, ಕೋತಿಯ ಒಂದು ತೋಳಿನಿಂದ ಬೆನ್ನುಹುರಿಗೆ ಸ್ಪರ್ಶದ ಸುದ್ದಿ ತರುವ ನರಗಳನ್ನಷ್ಟೇ ಕತ್ತರಿಸಿದರು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳನ್ನು ಮುಟ್ಟಲಿಲ್ಲ. ಆದರೂ ಕೋತಿ ಆ ತೋಳನ್ನು ಕೈಬಿಟ್ಟಿತು. ಸಂವೇದನೆ ಇಲ್ಲದೆ ಚಲನೆ ಇಲ್ಲ ಎಂಬ ತೀರ್ಮಾನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಗೇ ನಿಂತಿತು. ಅದನ್ನು ಅಲ್ಲಾಡಿಸಿದವರು ಅಮೆರಿಕದ ಎಡ್ವರ್ಡ್ ಟಾಬ್. ಕೋತಿಯ ಒಳ್ಳೆಯ ತೋಳನ್ನು ಕಟ್ಟಿಹಾಕಿದಾಗ ಅದು ಜಡವೆನಿಸಿದ್ದ ತೋಳಿನಿಂದಲೇ ಆಹಾರಕ್ಕೆ ಕೈಚಾಚಿತು. ಇನ್ನೂ ವಿಚಿತ್ರವೆಂದರೆ, ಎರಡೂ ತೋಳುಗಳ ಸಂವೇದನೆ ಕತ್ತರಿಸಿದ ಕೋತಿಗಳು ಎರಡನ್ನೂ ಬಳಸಿದವು. ಹೆಚ್ಚು ಕಳೆದುಕೊಂಡ ಪ್ರಾಣಿ ಹೆಚ್ಚು ಮಾಡಿತು! ಟಾಬ್ ಕೊಟ್ಟ ವಿವರಣೆ ಹೀಗಿದೆ: ಆಘಾತದ ಮೊದಲ ದಿನಗಳಲ್ಲಿ ಕೈ ನಿಜಕ್ಕೂ ಆಡುವುದಿಲ್ಲ, ಪ್ರಯತ್ನಿಸಿದರೆ ಸೋಲು, ವಸ್ತು ಜಾರಿ ಬೀಳುತ್ತದೆ. ಇನ್ನೊಂದು ಕೈಯಿಂದ ಕೆಲಸ ಸಲೀಸು. ವಾರಗಳು ಕಳೆದು ಶಕ್ತಿ ಅಷ್ಟಿಷ್ಟು ಮರಳುವ ಹೊತ್ತಿಗೆ ಸುಮ್ಮನಿರುವುದು ಕೈಗೆ ಅಭ್ಯಾಸವಾಗಿರುತ್ತದೆ. (ಇದೇ ಟಾಬ್ ಅವರ ಸಿಲ್ವರ್ ಸ್ಪ್ರಿಂಗ್ ಪ್ರಯೋಗಾಲಯದ ಮೇಲೆ 1981ರಲ್ಲಿ ಪ್ರಾಣಿಹಿಂಸೆಯ ಆರೋಪದಲ್ಲಿ ಪೊಲೀಸ್ ದಾಳಿ ನಡೆಯಿತು. ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋದರೂ ಆ ಕೋತಿಗಳ ಸಂಕಟವನ್ನು ಮರೆತು ಈ ಜ್ಞಾನದ ಬಗ್ಗೆ ಮಾತಾಡುವುದು ಸರಿಯಲ್ಲ.)

ಮನುಷ್ಯರಲ್ಲಿ ಒಳ್ಳೆಯ ಕೈಯನ್ನು ಕಟ್ಟಿಹಾಕುವ ಈ ಉಪಾಯದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು 2006ರಲ್ಲಿ. ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳು ಕಳೆದಿದ್ದ 222 ಜನರಲ್ಲಿ ಒಂದು ಗುಂಪಿನವರು ಎರಡು ವಾರ, ಎಚ್ಚರವಿದ್ದ ಹೊತ್ತಿನ ಬಹುಪಾಲು, ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿಕೊಂಡರು. ಸೋತ ಕೈಗೆ ದಿನವೂ ಗಂಟೆಗಟ್ಟಲೆ ಕೆಲಸ ಬಿತ್ತು. ಮಾಮೂಲಿ ಆರೈಕೆ ಪಡೆದವರಿಗಿಂತ ಅವರ ಕೈ ಚುರುಕಾಯಿತು, ಒಂದು ವರ್ಷದ ಮೇಲೂ ಆ ಲಾಭ ಉಳಿದಿತ್ತು. ಮೆದುಳಿನೊಳಗೆ ಏನಾಗುತ್ತದೆ ಎನ್ನುವುದರ ಸುಳಿವು ಹತ್ತು ವರ್ಷ ಮೊದಲೇ ಸಿಕ್ಕಿತ್ತು. ರ್‍ಯಾಂಡಲ್ಫ್ ನೂಡೊ ಅವರ ತಂಡ ಕೋತಿಗಳ ಮೆದುಳಿನಲ್ಲಿ ಬೆರಳುಗಳನ್ನು ನಡೆಸುವ ಭಾಗಕ್ಕೆ ಸಣ್ಣ ಗಾಯ ಮಾಡಿತ್ತು. ತರಬೇತಿ ಸಿಗದ ಕೋತಿಗಳಲ್ಲಿ ಗಾಯದ ಸುತ್ತ ಉಳಿದಿದ್ದ ಒಳ್ಳೆಯ ಭಾಗವೂ ಬೆರಳಿನ ಕೆಲಸವನ್ನು ಕಳೆದುಕೊಂಡಿತು. ಚಿಕ್ಕ ಗುಳಿಯಿಂದ ಕಾಳು ಹೆಕ್ಕುವ ಅಭ್ಯಾಸ ಮಾಡಿಸಿದವುಗಳಲ್ಲಿ ಆ ಜಾಗ ಉಳಿಯಿತು, ಕೆಲವೆಡೆ ಮೊಣಕೈ, ಭುಜದ ಜಾಗಕ್ಕೂ ಹಬ್ಬಿತು. ಉಳುಮೆ ಬಿಟ್ಟ ಹೊಲ ಪಕ್ಕದವರ ಪಾಲಾದಂತೆ, ಕೆಲಸವಿಲ್ಲದ ಬೆರಳಿಗೆ ಮೆದುಳಿನಲ್ಲಿ ಜಾಗವೂ ಉಳಿಯುವುದಿಲ್ಲ.

ಹಾಗಾದರೆ ನಾವು ಕೊಡುತ್ತಿರುವ ಚಿಕಿತ್ಸೆ ಎಷ್ಟು? ಕ್ಯಾಥರಿನ್ ಲ್ಯಾಂಗ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ 312 ಚಿಕಿತ್ಸಾ ಸೆಷನ್‌ಗಳನ್ನು ಕಣ್ಣಾರೆ ನೋಡಿ ಎಣಿಸಿ 2009ರಲ್ಲಿ ಪ್ರಕಟಿಸಿದರು. ಕೈಯ ಉಪಯುಕ್ತ ಚಲನೆಗಳು ಸೆಷನ್‌ಗೆ ಸರಾಸರಿ 32. ಮೆದುಳನ್ನು ಬದಲಿಸಿದ ಪ್ರಾಣಿಪ್ರಯೋಗಗಳಲ್ಲಿ ಈ ಲೆಕ್ಕ ದಿನಕ್ಕೆ ನೂರಾರು. ವೀಣೆಯನ್ನು ದಿನಕ್ಕೆ ಮೂವತ್ತೆರಡು ಸಲ ಮೀಟಿ, ವಿದ್ಯೆ ಹತ್ತಲಿಲ್ಲ ಎಂದು ಕೊರಗುವವರನ್ನು ನೋಡಿ ನಗುತ್ತೇವೆ. ಕೈಯ ವಿಷಯದಲ್ಲಿ ಮಾತ್ರ ‘ಆರು ತಿಂಗಳಾಯಿತು, ಇನ್ನು ಇಷ್ಟೇ’ ಎಂದು ಫೈಲು ಮುಚ್ಚುತ್ತೇವೆ.

ಇದಕ್ಕೆ ಬಲವಾದ ಆಕ್ಷೇಪಗಳಿವೆ, ಅವುಗಳನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಹೆಚ್ಚು ಮಾಡಿದಷ್ಟೂ ಒಳ್ಳೆಯದು ಎಂಬುದೇ ನಿಜವಾಗಿದ್ದರೆ, 2104 ರೋಗಿಗಳ ‘ಅವರ್ಟ್’ ಅಧ್ಯಯನ ಗೆಲ್ಲಬೇಕಿತ್ತು. ಆಘಾತವಾದ 24 ಗಂಟೆಯೊಳಗೆ ಎಬ್ಬಿಸಿ, ಮತ್ತೆಮತ್ತೆ ಓಡಾಡಿಸಿದ ಗುಂಪಿನಲ್ಲಿ ಮೂರು ತಿಂಗಳ ಮೇಲೆ ಚೆನ್ನಾಗಿದ್ದವರು ಶೇ. 46, ಮಾಮೂಲಿ ಆರೈಕೆಯಲ್ಲಿ ಶೇ. 50. ಲ್ಯಾಂಗ್ ಅವರೇ 2016ರಲ್ಲಿ, ಆಘಾತವಾಗಿ ತಿಂಗಳುಗಳು ಕಳೆದ ಹಳೆಯ ರೋಗಿಗಳಿಂದ ಒಟ್ಟು 3200ರಿಂದ 9600ರವರೆಗೆ ಬೇರೆಬೇರೆ ಪ್ರಮಾಣದ ಚಲನೆ ಮಾಡಿಸಿದಾಗ, ಹೆಚ್ಚು ಮಾಡಿದವರಿಗೆ ಹೆಚ್ಚು ಲಾಭ ಎಂಬುದು ಕಾಣಲಿಲ್ಲ. ಬ್ರಿಟನ್ನಿನಲ್ಲಿ 770 ಜನರ ಅಧ್ಯಯನದಲ್ಲಿ ರೋಬಾಟು ಕೈಯನ್ನು ದಣಿವಿಲ್ಲದೆ ಆಡಿಸಿತು, ಆದರೆ ದಿನನಿತ್ಯದ ಕೈಕೆಲಸ ಮಾಮೂಲಿ ಆರೈಕೆಯವರಿಗಿಂತ ಸುಧಾರಿಸಲಿಲ್ಲ. ನನಗನಿಸುವಂತೆ ಇವು ಅಭ್ಯಾಸದ ತತ್ವವನ್ನು ಕೆಡವುವುದಿಲ್ಲ, ಬರೀ ಎಣಿಕೆಯ ಮೇಲಿನ ನಂಬಿಕೆಯನ್ನು ಕೆಡವುತ್ತವೆ. ಮೊದಲ ದಿನದ ಮೆದುಳು ಇನ್ನೂ ಗಾಯದೊಂದಿಗೆ ಹೋರಾಡುತ್ತಿರುತ್ತದೆ. ಯಂತ್ರ ಹಿಡಿದ ದಾರಿಯಲ್ಲಿ ಚಲಿಸುವ ಕೈಗೆ ಲೋಟ ಎತ್ತುವಾಗ ಎದುರಾಗುವ ತೊಡಕುಗಳು ಎದುರಾಗುವುದೇ ಇಲ್ಲ.

ಕಾಲದ ಪ್ರಶ್ನೆಗೆ ನೇರ ಉತ್ತರ 2021ರಲ್ಲಿ ಸಿಕ್ಕಿತು. 72 ಜನರ ಅಧ್ಯಯನ, ಚಿಕ್ಕದೇ. 20 ಗಂಟೆಯ ಹೆಚ್ಚುವರಿ ಕೈತರಬೇತಿಯನ್ನು ಬೇರೆಬೇರೆ ಸಮಯದಲ್ಲಿ ಕೊಟ್ಟಾಗ ಅತಿ ಹೆಚ್ಚು ಫಲ ಸಿಕ್ಕಿದ್ದು ಎರಡು ಮೂರನೇ ತಿಂಗಳಲ್ಲಿ ಪಡೆದವರಿಗೆ, ಮೊದಲ ತಿಂಗಳಿನವರಿಗೆ ಅದಕ್ಕಿಂತ ಕಡಿಮೆ, ಆರು ತಿಂಗಳ ನಂತರದವರಿಗೆ ಗಣನೀಯವಾಗಿ ಏನೂ ಇಲ್ಲ. ಹಾಗಾದರೆ ಆರು ತಿಂಗಳ ಗಡುವು ಸರಿಯೇ? ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಮೂರು ವಾರದಲ್ಲಿ 90 ಗಂಟೆ ದುಡಿದ ಹಳೆಯ ರೋಗಿಗಳ ಕೈ ಸುಧಾರಿಸಿದೆ. ಹೋಲಿಸಲು ಇನ್ನೊಂದು ಗುಂಪು ಅಲ್ಲಿರಲಿಲ್ಲ ಎಂಬ ಕೊರತೆ ನಿಜ. ಆದರೂ ತಡವಾದ ಮೇಲೆ ಬಾಗಿಲು ಮುಚ್ಚುವುದಿಲ್ಲ, ಬಿಗಿಯಾಗುತ್ತದೆ, ಇಪ್ಪತ್ತು ಗಂಟೆಗೆ ತೆರೆಯದು ಎಂದು ಓದುವುದೇ ನ್ಯಾಯವೆನಿಸುತ್ತದೆ.

ನಮ್ಮ ದೇಶದಲ್ಲಿ ಈ ಗಂಟೆಗಳನ್ನು ತರುವುದೆಲ್ಲಿಂದ ಎಂಬುದು ಬೇರೆಯೇ ಪ್ರಶ್ನೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನ ಮನೆಯವರಿಗೇ ತರಬೇತಿ ಕೊಟ್ಟು ನೋಡಿತು. ಆರು ತಿಂಗಳ ಮೇಲೆ ಸತ್ತವರ ಮತ್ತು ಪರಾವಲಂಬಿಗಳ ಪ್ರಮಾಣ ಈ ತರಬೇತಿ ಇದ್ದ, ಇಲ್ಲದ ಎರಡೂ ಗುಂಪಿನಲ್ಲಿ ಶೇ. 47. ನಿರಾಶೆಯ ಫಲಿತಾಂಶ. ಆದರೆ ಅದು ಅಳೆದದ್ದು ಒಟ್ಟು ಅವಲಂಬನೆಯನ್ನು, ಕೈಯ ಬಳಕೆಯನ್ನಲ್ಲ. ನಮ್ಮ ಮನೆಗಳಲ್ಲಂತೂ ಬಲಗೈ ಬಿದ್ದವರಿಗೆ ತುತ್ತು ಮಾಡಿ ಬಾಯಿಗಿಡುವುದೇ ಪ್ರೀತಿ. ಮುದ್ದೆ ಮುರಿಯಲು ಆ ಕೈಗೆ ಸಿಗಬಹುದಾಗಿದ್ದ ಅಭ್ಯಾಸ ಆ ಪ್ರೀತಿಯಲ್ಲೇ ಕಳೆದುಹೋಗುತ್ತದೆ. ಹಾಗೆಂದು ಗದರಿಸಿ ಮಾಡಿಸುವಂತಿಲ್ಲ, ಕೈಗವಸಿನ ಉಪಾಯವೂ ಎಲ್ಲರಿಗಲ್ಲ. ಮಣಿಕಟ್ಟು, ಬೆರಳುಗಳನ್ನು ತುಸುವಾದರೂ ಮೇಲೆತ್ತಬಲ್ಲವರನ್ನಷ್ಟೇ 2006ರ ಪರೀಕ್ಷೆಗೆ ತೆಗೆದುಕೊಂಡಿದ್ದರು.

ಹೊಸ ಉಪಕರಣಗಳೂ ಅಭ್ಯಾಸವನ್ನು ಬದಿಗಿಟ್ಟಿಲ್ಲ. ಕುತ್ತಿಗೆಯ ವೇಗಸ್ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಸಾಧನಕ್ಕೆ ಅಮೆರಿಕ 2021ರಲ್ಲಿ ಒಪ್ಪಿಗೆ ಕೊಟ್ಟಿತು. ರೋಗಿ ಕೈ ಆಡಿಸುವ ಕ್ಷಣಕ್ಕೆ ಸರಿಯಾಗಿ ಮಿಡಿತ ಹೋಗಬೇಕು. ಆರು ವಾರದ ತರಬೇತಿಯ ಪರೀಕ್ಷೆಯಲ್ಲಿದ್ದ 108 ಮಂದಿಗೂ ಸಾಧನ ಅಳವಡಿಸಿ ಒಂದೇ ಬಗೆಯ ಕಠಿಣ ವ್ಯಾಯಾಮ ಮಾಡಿಸಿದರು. ಎಲ್ಲರೂ ಆಘಾತವಾಗಿ ಒಂಬತ್ತು ತಿಂಗಳು ದಾಟಿದವರೇ. ನಿಜವಾದ ಮಿಡಿತ ಪಡೆದವರು ಕೈಯ ಚಲನೆಯ 66 ಅಂಕಗಳ ಅಳತೆಯಲ್ಲಿ ಸರಾಸರಿ 5 ಅಂಕ ಮೇಲೇರಿದರು. ಹೆಸರಿಗಷ್ಟೇ ಮಿಡಿತ ಪಡೆದು ವ್ಯಾಯಾಮ ಮಾಡಿದವರು 2.4 ಅಂಕ.