ಎಳ್ಳು, ಶೇಂಗಾ ಒಗ್ಗದ ಮಕ್ಕಳು ಮತ್ತು ಶಾಲೆಯ ಸಂಕ್ರಾಂತಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಸಂಕ್ರಾಂತಿ ಒಂದು ದಿನಕ್ಕೆ ಮುಗಿಯುವುದಿಲ್ಲ. ಎಳ್ಳು-ಬೆಲ್ಲದ ವಿನಿಮಯ ಮರಾಠಿ ರೂಢಿಯಂತೆ ರಥಸಪ್ತಮಿಯವರೆಗೂ ನಡೆಯುತ್ತದೆ. ಕುಸುರೆಳ್ಳು, ತಿಳಗುಳದ ಉಂಡೆ, ಶೇಂಗಾ ಹೋಳಿಗೆ, ಚಿಕ್ಕಿ ತರಗತಿಯಲ್ಲಿ ಕೈಯಿಂದ ಕೈಗೆ ಸಾಗುತ್ತವೆ. ಕೊಟ್ಟ ಎಳ್ಳನ್ನು ಬೇಡವೆನ್ನುವುದು ಸ್ನೇಹವನ್ನೇ ಬೇಡವೆಂದಂತೆ. ಎಳ್ಳು ಅಥವಾ ಶೇಂಗಾ ಅಲರ್ಜಿಯಿರುವ ಮಗುವಿಗೆ ಇದು ಕಠಿಣ ಕಾಲ.

ಅಲರ್ಜಿಯೆಂದರೆ ಅಜೀರ್ಣವಲ್ಲ. ಆಹಾರದಲ್ಲಿರುವ ಪ್ರೋಟೀನನ್ನು ದೇಹದ ರಕ್ಷಣಾವ್ಯವಸ್ಥೆ ಶತ್ರುವೆಂದು ಗ್ರಹಿಸಿ ಎದುರಿಸುವುದೇ ಅಲರ್ಜಿ. ಆದುದರಿಂದ ಚಿಟಿಕೆಯಷ್ಟು ಪುಡಿಯೂ ಕೆಲವರಿಗೆ ಅಪಾಯಕಾರಿ. ಹುರಿದ ಮಾತ್ರಕ್ಕೆ ಅದು ತಗ್ಗದು. ಎಳ್ಳುಂಡೆಗೆ ಶೇಂಗಾಪುಡಿ ಬೆರೆಸುವ ಪದ್ಧತಿ ಅನೇಕ ಮನೆಗಳಲ್ಲಿರುವುದರಿಂದ ತಿನಿಸಿನ ಹೆಸರನ್ನು ನಂಬುವಂತಿಲ್ಲ.

ಪೊಟ್ಟಣಗಳ ಮೇಲೆ ಶೇಂಗಾ, ಹಾಲು, ಸೋಯಾ ಮೊದಲಾದವುಗಳ ಅಲರ್ಜಿ ಸೂಚನೆ ಇರಬೇಕೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಆ ಪಟ್ಟಿಯಲ್ಲಿ ಎಳ್ಳಿಗೆ ಸ್ಥಾನವಿಲ್ಲ. ಸಾಮಗ್ರಿಗಳ ಪೂರ್ಣ ವಿವರವನ್ನೇ ಓದಬೇಕು. ಅದಾದರೂ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿದ್ದರೆ ಸಾಕು. ಕನ್ನಡವನ್ನಷ್ಟೇ ಓದಬಲ್ಲ ತಾಯಿ ಏನು ಮಾಡಬೇಕು? ಬಿಡಿಯಾಗಿ ಮಾರುವ ಸಿಹಿಗಂತೂ ಆ ಬರಹವೂ ಇರುವುದಿಲ್ಲ.

ಗಡಿಶಾಲೆಯ ನಿಜವಾದ ತೊಡಕು ಇಲ್ಲಿದೆ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಪಾಲಕರ ಮಾತು ಕನ್ನಡದಲ್ಲಿ, ಅಡುಗೆಯವರ ಓದು ಮರಾಠಿಯಲ್ಲಿ ಇರಬಹುದು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗಲೇ ಮಗುವಿನ ಹೆಸರು, ಒಗ್ಗದ ಪದಾರ್ಥ, ಪಾಲಕರ ದೂರವಾಣಿ ಸಂಖ್ಯೆಗಳನ್ನು ಎರಡೂ ಭಾಷೆಗಳಲ್ಲಿ ಬರೆದು ಕೊಡಬೇಕು: ಎಳ್ಳು ಎಂದರೆ ತೀಳ, ಶೇಂಗಾ ಎಂದರೆ ಶೇಂಗದಾಣೆ. ಬದಲಿ ಶಿಕ್ಷಕರಿಗೂ ಅದು ಕಾಣುವಂತಿರಲಿ.

ಹಬ್ಬದ ದಿನ ಒಂದು ಮಗುವನ್ನು ಮೂಲೆಗೆ ಕೂರಿಸುವುದು ಪರಿಹಾರವಲ್ಲ. ಕಬ್ಬು, ಬೋರೆಹಣ್ಣುಗಳೂ ಸಂಕ್ರಾಂತಿಯವೇ ತಾನೆ? ಎಲ್ಲರಿಗೂ ಅವನ್ನೇ ಹಂಚಬಹುದು. ಮನೆಯಿಂದ ಎಳ್ಳು ತಿಂದು ಬಂದವರು ಸಾಬೂನಿನಿಂದ ಕೈತೊಳೆಯಲಿ. ಸ್ಯಾನಿಟೈಸರ್ ಈ ಪ್ರೋಟೀನನ್ನು ತೆಗೆಯುವುದಿಲ್ಲ.

ತಿಂದೊಡನೆ ಮೈಮೇಲೆ ಗಂಧೆ ಎದ್ದರೆ ‘ಪಿತ್ತ’ವೆಂದು ಸುಮ್ಮನಿರುವುದು ನಮ್ಮಲ್ಲಿ ಸಾಮಾನ್ಯ. ತುಟಿ-ನಾಲಗೆಯ ಊತ, ದನಿಯ ಬದಲಾವಣೆ, ಉಬ್ಬಸ, ಮರಳಿ ಮರಳಿ ವಾಂತಿ, ತಲೆಸುತ್ತು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಮಗುವನ್ನು ನಡೆಸದೆ ಅಂಗಾತ ಮಲಗಿಸಬೇಕು; ಉಸಿರಾಟ ಕಷ್ಟವಾದರೆ ಕೂರಿಸಬೇಕು. ಪ್ರಾಣ ಉಳಿಸುವ ಮದ್ದು ತೊಡೆಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ತುರಿಕೆಯ ಮಾತ್ರೆ ಅದಕ್ಕೆ ಬದಲಿಯಲ್ಲ. ಶಮನವಾದ ಲಕ್ಷಣಗಳು ಕೆಲವು ಗಂಟೆಗಳ ಬಳಿಕ ಮರುಕಳಿಸಬಹುದಾದ ಕಾರಣ, ಚೇತರಿಸಿಕೊಂಡಂತೆ ಕಂಡ ಮಗುವನ್ನೂ ವೈದ್ಯರು ಹೇಳುವವರೆಗೆ ಆಸ್ಪತ್ರೆಯಲ್ಲೇ ಇರಿಸಬೇಕು.